ಗ್ರಾನೈಟ್ ಸ್ಲ್ಯಾಬ್ ಎತ್ತುವ ವ್ಯಾಕ್ಯೂಮ್ ಲಿಫ್ಟರ್: ಕರೆಂಟ್ ಹೋದ್ರೆ ಕಲ್ಲು ಬೀಳುತ್ತಾ? ಅಂಗಡಿಯವರು ತಿಳಿದಿರಬೇಕಾದ್ದು

ಇಳಕಲ್: ಕೆಂಪು ಗ್ರಾನೈಟ್‌ಗೆ ಹೆಸರಾದ ಇಳಕಲ್ ಭಾಗದಲ್ಲಿ ಸ್ಲ್ಯಾಬ್ ಎತ್ತೋದು ಅಂದ್ರೆ ನಾಲ್ಕೈದು ಮಂದಿ ಹಮಾಲರು, ಎರಡು ಬೆಲ್ಟು, ಒಂದು ಚೈನ್ ಬ್ಲಾಕ್. ವ್ಯಾಕ್ಯೂಮ್ ಲಿಫ್ಟರ್ ಇದ್ದರೆ ಅದೇ ಕೆಲಸ ಇಬ್ಬರಲ್ಲಿ ಮುಗಿಯುತ್ತದೆ. ಆದರೆ ಇಲ್ಲಿ ಕಲ್ಲನ್ನು ಹಿಡಿದಿರುವುದು ಕೊಕ್ಕೆಯೂ ಅಲ್ಲ, ಬೆಲ್ಟೂ ಅಲ್ಲ, ಬರೀ ಗಾಳಿ. ಹಾಗಾಗಿ ಯಂತ್ರ ತರುವ ಮುನ್ನ ಕೆಲವು ಲೆಕ್ಕ ಗೊತ್ತಿರಬೇಕು.

ಮೊದಲು ಕಲ್ಲಿನ ತೂಕ. 20 ಎಂಎಂ ದಪ್ಪದ ಗ್ರಾನೈಟ್ ಒಂದು ಚದರ ಅಡಿಗೆ ಸುಮಾರು 5 ಕೆಜಿ ತೂಗುತ್ತದೆ. 10 ಅಡಿ ಉದ್ದ, 6 ಅಡಿ ಅಗಲದ ಸ್ಲ್ಯಾಬ್ ಅಂದ್ರೆ 300 ಕೆಜಿ. ದಪ್ಪ 30 ಎಂಎಂ ಆದರೆ 450. ಕಪ್ಪು ಗ್ರಾನೈಟ್ ಇನ್ನೂ ತುಸು ಭಾರ. ಕಣ್ಣಂದಾಜಿನಲ್ಲಿ 'ಇನ್ನೂರು ಇರಬಹುದು' ಅನ್ನುವ ರೂಢಿ ಇಲ್ಲಿ ನಡೆಯುವುದಿಲ್ಲ.

ಇನ್ನು ಗಾಳಿಯ ಲೆಕ್ಕ. ರಬ್ಬರ್ ಕಪ್ ಒಳಗಿನ ಗಾಳಿಯನ್ನು ಪಂಪ್ ಹೊರಗೆಳೆದಾಗ, ಹೊರಗಿನ ಗಾಳಿ ಕಲ್ಲನ್ನು ಕಪ್ಪಿಗೆ ಒತ್ತಿ ಹಿಡಿಯುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ ಒಂದು ಚದರ ಸೆಂ.ಮೀ.ಗೆ ಸುಮಾರು 1 ಕೆಜಿ. ಶೇ 60ರಷ್ಟು ವ್ಯಾಕ್ಯೂಮ್ ಬಂದರೆ 0.6 ಕೆಜಿ. 30 ಸೆಂ.ಮೀ. ಅಗಲದ ದುಂಡು ಕಪ್ಪಿನ ವಿಸ್ತೀರ್ಣ 700 ಚದರ ಸೆಂ.ಮೀ. ಹತ್ತಿರ, ಅಂದರೆ ಒಂದು ಕಪ್ಪಿಗೆ 420 ಕೆಜಿ. ಇದರಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಯುರೋಪಿನ ಇಎನ್ 13155 ಮಾನದಂಡ ಕೂಡ ಎತ್ತುವ ಭಾರದ ಕನಿಷ್ಠ ಎರಡರಷ್ಟು ಹಿಡಿಯುವ ಶಕ್ತಿ ಇರಲೇಬೇಕು ಅನ್ನುತ್ತದೆ. ಉಳಿದದ್ದು ಕಪ್ಪಿಗೆ 210. ಎರಡು ಕಪ್ಪಿನ ಲಿಫ್ಟರ್‌ಗೆ 420 ಕೆಜಿ. ನಮ್ಮ 300 ಕೆಜಿ ಸ್ಲ್ಯಾಬ್‌ಗೆ ಧಾರಾಳವಾಯಿತು ಅನ್ನಿಸುತ್ತದೆ.

ಅಲ್ಲೇ ಮೋಸ ಹೋಗುವುದು. ಈ ಲೆಕ್ಕ ಕಲ್ಲನ್ನು ಮಲಗಿಸಿ, ಮೇಲಿನಿಂದ ಎತ್ತುವಾಗಿನದು. ಅಂಗಡಿಯಲ್ಲಿ ಸ್ಲ್ಯಾಬ್ ನಿಲ್ಲುವುದು ಎ-ಫ್ರೇಮಿಗೆ ಒರಗಿಕೊಂಡು. ನಿಂತ ಕಲ್ಲನ್ನು ಎತ್ತಿದಾಗ ಅದು ಕಪ್ಪಿನ ಮೇಲೆ ಜಾರದಂತೆ ತಡೆಯುವುದು ತಿಕ್ಕಾಟ ಮಾತ್ರ. ಒಣಗಿದ, ಚೊಕ್ಕ ಕಲ್ಲಿನಲ್ಲಿ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 420 ಇದ್ದದ್ದು 210 ಆಯಿತು. 300 ಕೆಜಿಗೆ ಸಾಲದು. ಪಾಲಿಶ್ ನೀರು ಒರೆಸದ ಒದ್ದೆ ಕಲ್ಲಾದರೆ ಇನ್ನೂ ಕಮ್ಮಿ. ಆದ್ದರಿಂದ ಕೊಳ್ಳುವಾಗ 'ಎಷ್ಟು ಕೆಜಿ ಎತ್ತುತ್ತೆ' ಅಂತ ಕೇಳಿದರೆ ಸಾಲದು, 'ನಿಲ್ಲಿಸಿದ ಕಲ್ಲು ಎಷ್ಟು ಎತ್ತುತ್ತೆ' ಅಂತ ಕೇಳಬೇಕು. ಅದು ಯಂತ್ರದ ಮೇಲಿನ ಪ್ಲೇಟಿನಲ್ಲಿ ಬರೆದಿರಬೇಕು.

ಊರಿನ ಎತ್ತರಕ್ಕೂ ಲೆಕ್ಕವುಂಟು. ಸಾವಿರ ಮೀಟರ್ ದಾಟಿದ ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದು ಪಾಲಿನಷ್ಟು ಕಡಿಮೆ. ಇಳಕಲ್‌ನಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಎಲ್ಲೇ ಇರಲಿ, ಮೀಟರಿನ ಮುಳ್ಳು ಹಸಿರು ಪಟ್ಟಿಗೆ ಬರುವ ತನಕ ಎತ್ತುವಂತಿಲ್ಲ.

ಕಲ್ಲಿನ ಮೈಯನ್ನೂ ನೋಡಬೇಕು. ನಯವಾದ ಪಾಲಿಶ್ ಮೈಗೆ ಕಪ್ ಚೆನ್ನಾಗಿ ಕೂರುತ್ತದೆ. ಬೆಂಕಿ ಹಾಯಿಸಿದ ಫ್ಲೇಮ್ಡ್ ಕಲ್ಲು, ಲೆದರ್ ಫಿನಿಶ್ ಒರಟು; ಗಾಳಿ ಸೋರುತ್ತದೆ, ಅದಕ್ಕೆ ಮೆತ್ತನೆಯ ಫೋಮ್ ಸೀಲ್ ಬೇಕು. ಹಿಂಬದಿಗೆ ಜಾಲರಿ ಅಂಟಿಸಿದ ಸ್ಲ್ಯಾಬನ್ನು ಜಾಲರಿ ಬದಿಯಿಂದ ಹಿಡಿಯಬಾರದು. ಕಪ್ಪಿನ ಕೈಯಲ್ಲಿ ಜಾಲರಿ ಉಳಿದು, ಕಲ್ಲು ಕಾಲ ಮೇಲೆ ಬಂದೀತು. ಬಿರುಕು ಬಿಟ್ಟದ್ದನ್ನು ಲಿಫ್ಟರ್‌ಗೆ ಕೊಡಲೇಬಾರದು. ಕಪ್ಪುಗಳು ಸ್ಲ್ಯಾಬಿನ ನಡುಮಧ್ಯಕ್ಕೆ ಸರಿಯಾಗಿರಲಿ. ನೆಲದಿಂದ ನಾಲ್ಕು ಬೆರಳು ಎತ್ತಿ, ಸ್ವಲ್ಪ ಹೊತ್ತು ನಿಲ್ಲಿಸಿ ಮುಳ್ಳು ನೋಡಬೇಕು. ಇಳಿಯುತ್ತಿದ್ದರೆ ವಾಪಸ್ ಕೆಳಗೆ.

ಈಗ ಕರೆಂಟಿನ ಪ್ರಶ್ನೆ. ಸರಿಯಾದ ಲಿಫ್ಟರ್‌ನಲ್ಲಿ ಒಂದು ಟ್ಯಾಂಕ್, ಗಾಳಿ ಹಿಂದಕ್ಕೆ ನುಗ್ಗದಂತೆ ತಡೆಯುವ ವಾಲ್ವ್, ಕೂಗುವ ಅಲಾರಾಂ ಇರುತ್ತವೆ. ಪಂಪ್ ನಿಂತರೂ ಕಲ್ಲು ಒಡನೆಯೇ ಬೀಳುವುದಿಲ್ಲ. ಸೀಲ್ ಚೆನ್ನಾಗಿದ್ದರೆ ಕೆಲವು ನಿಮಿಷ ನಿಲ್ಲುತ್ತದೆ. ಆ ನಿಮಿಷಗಳು ಕೆಳಗಿಳಿಸಲಿಕ್ಕೆ, ಕರೆಂಟ್ ಬರಲಿ ಅಂತ ಕಾಯಲಿಕ್ಕಲ್ಲ. ಆದರೆ ಲಿಫ್ಟರ್ ತೂಗಿರುವ ಹಾಯಿಸ್ಟ್ ಕೂಡ ಕರೆಂಟಿನದೇ ಆಗಿದ್ದರೆ? ಅದೂ ನಿಂತಿರುತ್ತದೆ, ಇಳಿಸುವುದು ಹೇಗೆ? ಲೋಡ್‌ಶೆಡ್ಡಿಂಗ್ ಇರುವ ಕಡೆ ಇದನ್ನು ಮೊದಲೇ ಯೋಚಿಸಬೇಕು. ಕೈಯಿಂದ ಎಳೆಯುವ ಚೈನ್ ಬ್ಲಾಕ್ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯ, ಸಾಗಿಸುವಾಗ ಕಲ್ಲು ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ಕಂಪ್ರೆಸರ್ ಗಾಳಿಯಲ್ಲಿ ನಡೆಯುವ ಲಿಫ್ಟರ್ ಆದರೆ ಗಾಳಿ ಪೈಪಿನ ಮೇಲೆ ಟ್ರಾಲಿ ಹತ್ತಿದರೂ ಇದೇ ಕಥೆ.

ಕಲ್ಲು ಜಾರಲು ಶುರುವಾದರೆ ಯಾರೂ ಕೈ ಕೊಡಬಾರದು. 'ಹಿಡೀ ಹಿಡೀ' ಅಂತ ಕೂಗುವ ಮಾಲೀಕರ ಬಾಯಿಗೆ ಮೊದಲು ಬೀಗ ಹಾಕಬೇಕು. 300 ಕೆಜಿ ಕಲ್ಲನ್ನು ಯಾರೂ ತಡೆದು ನಿಲ್ಲಿಸಲಾರರು, ಒಡೆದ ಸ್ಲ್ಯಾಬ್ ಬೇರೆ ತರಿಸಬಹುದು. ಸ್ಲ್ಯಾಬ್ ಮತ್ತು ಗೋಡೆಯ ನಡುವೆ, ಅಥವಾ ಎರಡು ಸ್ಲ್ಯಾಬ್‌ಗಳ ನಡುವೆ ಆಳು ನಿಲ್ಲಬಾರದು. ಗಿರಾಕಿಗಳು ಗೆರೆಯಾಚೆ. ಎ-ಫ್ರೇಮಿನ ಎರಡೂ ಬದಿ ಸಮನಾಗಿ ತುಂಬಬೇಕು. ಕಲ್ಲು ಪೂರ್ತಿ ಒರಗಿ, ತೂಕ ಬಿಟ್ಟ ಮೇಲಷ್ಟೇ ಗಾಳಿ ಬಿಡಬೇಕು. ಮೊದಲ ಮಹಡಿಗೆ ಎತ್ತುವುದಿದ್ದರೆ ಬರೀ ಕಪ್ಪನ್ನು ನಂಬದೆ ಕೆಳಗೆ ಬೆಲ್ಟ್ ಕಟ್ಟಬೇಕು.

ಭಾರ ಎತ್ತುವ ಯಂತ್ರಗಳನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಪೂರ್ತಿ ತಪಾಸಣೆ ಮಾಡಿಸಬೇಕೆಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮಿನಲ್ಲೇ ಇತ್ತು. ಸಣ್ಣ ಅಂಗಡಿಗೂ ಇದೇ ರೂಢಿ ಒಳ್ಳೆಯದು. ರಬ್ಬರ್ ಸೀಲನ್ನು ಮಾತ್ರ ದಿನಾ ಬೆಳಿಗ್ಗೆ ಒರೆಸಿ ನೋಡಬೇಕು: ಬಿಸಿಲಿಗೆ ಗಟ್ಟಿಯಾಗಿದೆಯೇ, ಅಂಚು ಹರಿದಿದೆಯೇ, ಕಲ್ಲಿನ ಪುಡಿ ಕೂತಿದೆಯೇ. ಹರಿದಿದ್ದರೆ ಅಂಟು ಹಾಕದೆ, ಹೊಸದನ್ನೇ ತರಬೇಕು.