ವ್ಯಕ್ತಿತ್ವ ಪರೀಕ್ಷೆಯ ಫಲಿತಾಂಶವನ್ನು ಎಷ್ಟು ನಂಬಬಹುದು?

ಕೆಲಸದ ಸಂದರ್ಶನಕ್ಕೆ ಮೊದಲು, ಕಾಲೇಜಿನ ಕೌನ್ಸೆಲಿಂಗ್‌ನಲ್ಲಿ ಅಥವಾ ಮೊಬೈಲ್‌ನಲ್ಲಿ ನೀವು ಒಮ್ಮೆಯಾದರೂ ವ್ಯಕ್ತಿತ್ವ ಪ್ರಶ್ನಾವಳಿಯನ್ನು ತುಂಬಿರಬಹುದು. ಕೊನೆಯಲ್ಲಿ ‘ನೀವು ಅಂತರ್ಮುಖಿ’, ‘ನಾಯಕತ್ವದ ಗುಣ ಕಡಿಮೆ’ ಎಂಬಂಥ ತೀರ್ಪು ಬರುತ್ತದೆ. ಅದನ್ನು ನಂಬಿ ಓದನ್ನೋ ಕೆಲಸವನ್ನೋ ಬದಲಿಸುವ ಮೊದಲು ಎರಡು ಗುಣಗಳ ಬಗ್ಗೆ ತಿಳಿದಿರಿ: ಪರೀಕ್ಷೆಯ ವಿಶ್ವಾಸಾರ್ಹತೆ ಮತ್ತು ಸಿಂಧುತ್ವ.

ಎರಡಕ್ಕೂ ಏನು ವ್ಯತ್ಯಾಸ?

ಕೆಲವು ವಾರಗಳ ನಂತರ ಅದೇ ವ್ಯಕ್ತಿಗೆ ಮತ್ತೆ ಪರೀಕ್ಷೆ ಕೊಟ್ಟಾಗ ಹೆಚ್ಚುಕಡಿಮೆ ಅದೇ ಅಂಕ ಬಂದರೆ ಅದು ವಿಶ್ವಾಸಾರ್ಹ. ಯಾವ ಗುಣವನ್ನು ಅಳೆಯುತ್ತೇನೆ ಎನ್ನುತ್ತದೆಯೋ ಅದನ್ನೇ ಅಳೆದರೆ ಅದು ಸಿಂಧು. ಮೊದಲನೆಯದು ಇದ್ದಮಾತ್ರಕ್ಕೆ ಎರಡನೆಯದು ಇರಬೇಕೆಂದಿಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿ ಬಿಪಿ ನೋಡಿದರೆ, ಯಂತ್ರ ಮತ್ತೆ ಮತ್ತೆ ಇರುವುದಕ್ಕಿಂತ ಹೆಚ್ಚಿನ ಅಂಕಿಯನ್ನೇ ತೋರಿಸುತ್ತದೆ. ಅಂಕಿ ಸ್ಥಿರವಾಗಿದೆ, ಆದರೆ ತಪ್ಪಾಗಿದೆ.

‘ನನ್ನ ಬಗ್ಗೆ ಸರಿಯಾಗಿಯೇ ಹೇಳಿದೆ’ ಎನಿಸಿದರೆ ಸಾಲದೇ?

ಸಾಲದು. ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಬಳಿಕ ‘ಇದು ನಿಮ್ಮ ಫಲಿತಾಂಶ’ ಎಂದು ಒಬ್ಬೊಬ್ಬರಿಗೂ ಒಂದು ವಿವರಣೆ ನೀಡಿದರು. ಅದು ಎಷ್ಟು ಸರಿಯಿದೆ ಎಂದು ಕೇಳಿದಾಗ ಅವರು ಕೊಟ್ಟ ಅಂಕದ ಸರಾಸರಿ 5ಕ್ಕೆ 4ಕ್ಕಿಂತ ಹೆಚ್ಚು. ಆದರೆ ಎಲ್ಲರಿಗೂ ಸಿಕ್ಕಿದ್ದು ಒಂದೇ ವಿವರಣೆ. ಅದರ ಬಹುಪಾಲು ವಾಕ್ಯಗಳನ್ನು ಜ್ಯೋತಿಷದ ಪುಸ್ತಕವೊಂದರಿಂದ ಆರಿಸಲಾಗಿತ್ತು!

ಒಮ್ಮೆ ಒಂದು ಬಗೆ, ಇನ್ನೊಮ್ಮೆ ಬೇರೆ ಬಗೆ ಏಕೆ?

ಮೈಯರ್ಸ್-ಬ್ರಿಗ್ಸ್ ಪರೀಕ್ಷೆ ಜನರನ್ನು 16 ಬಗೆಗಳಾಗಿ ವಿಂಗಡಿಸುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನವರು ಪೂರ್ತಿ ಅಂತರ್ಮುಖಿಯೂ ಅಲ್ಲ, ಪೂರ್ತಿ ಬಹಿರ್ಮುಖಿಯೂ ಅಲ್ಲ. ನಡುವೆ ಇರುವವರ ಒಂದೆರಡು ಉತ್ತರ ಬದಲಾದರೆ ಬಗೆಯೇ ಬದಲಾಗಿಬಿಡುತ್ತದೆ. ಸಂಶೋಧಕರು ಹೆಚ್ಚಾಗಿ ಬಳಸುವ ‘ಬಿಗ್ ಫೈವ್’ ಮಾದರಿಯಲ್ಲಿ ಹೀಗೆ ವಿಂಗಡಿಸುವುದಿಲ್ಲ. ಮುಕ್ತ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಹೊಂದಾಣಿಕೆ ಮತ್ತು ಭಾವನಾತ್ಮಕ ಅಸ್ಥಿರತೆ ಎಂಬ ಐದು ಗುಣಗಳು ಎಷ್ಟೆಷ್ಟು ಇವೆ ಎಂದು ನೋಡಲಾಗುತ್ತದೆ. ಕರ್ತವ್ಯನಿಷ್ಠೆಯ ಅಂಕಕ್ಕೂ ಕೆಲಸದ ಸಾಧನೆಗೂ ನಂಟಿರುವುದು ಅಧ್ಯಯನಗಳಲ್ಲಿ ಕಂಡಿದೆ. ಆದರೂ ಅದು ಗುಂಪಿನ ಸರಾಸರಿಯ ಮಾತು, ಒಬ್ಬ ವ್ಯಕ್ತಿಯ ಭವಿಷ್ಯವಲ್ಲ.

ಒಳ್ಳೆಯವರೆನಿಸಿಕೊಳ್ಳಲು ಉತ್ತರಿಸಿದರೆ?

ಕೆಲಸ ಬೇಕಾದವರು ಹಾಗೆ ಮಾಡುವುದು ಸಹಜ. 1943ರಲ್ಲಿ ಪ್ರಕಟವಾದ, ಮಾನಸಿಕ ಚಿಕಿತ್ಸೆಯಲ್ಲಿ ಬಳಸುವ ಎಂಎಂಪಿಐ ಪ್ರಶ್ನಾವಳಿಯಲ್ಲಿ ಇದನ್ನು ಪತ್ತೆಹಚ್ಚಲೆಂದೇ ಕೆಲವು ಪ್ರಶ್ನೆಗಳಿವೆ. ಎಂದೂ ಸಿಟ್ಟೇ ಬಂದಿಲ್ಲ ಎಂಬಂತೆ ಎಲ್ಲದಕ್ಕೂ ಉತ್ತರಿಸಿದರೆ ಅನುಮಾನ ಬರುತ್ತದೆ. ಮೊಬೈಲಿನ ಮೋಜಿನ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಇಂಥ ವ್ಯವಸ್ಥೆ ಇರುವುದಿಲ್ಲ.

ಭಾಷೆ ಮುಖ್ಯವೇ?

ಖಂಡಿತ. ಇಂಗ್ಲಿಷಿನಲ್ಲಿ ‘ಫೀಲಿಂಗ್ ಬ್ಲೂ’ ಎಂದರೆ ಬೇಸರ. ಅದನ್ನು ಪದಕ್ಕೆ ಪದ ಕನ್ನಡಕ್ಕೆ ತಂದರೆ ನೀಲಿ ಬಣ್ಣ ಮಾತ್ರ ಉಳಿಯುತ್ತದೆ. ಅದಕ್ಕೇ ಅನುವಾದಿಸಿದ ಪ್ರಶ್ನಾವಳಿಯನ್ನು ಆ ಭಾಷೆಯವರ ಮೇಲೆ ಮತ್ತೆ ಪರಿಶೀಲಿಸಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಹೊರಗೆ ಮರಾಠಿಯೋ ತಮಿಳೋ ಆಡುವ ನಿಮ್ಮ ಮಗುವಿಗೆ ಚೆನ್ನಾಗಿ ಅರ್ಥವಾಗುವ ಭಾಷೆಯಲ್ಲೇ ಪರೀಕ್ಷೆ ನಡೆಯಲಿ.

ನೀವು ಕೇಳಬೇಕಾದ ಪ್ರಶ್ನೆಗಳು

• ಈ ಪರೀಕ್ಷೆಯನ್ನು ಭಾರತದಲ್ಲಿ, ನನ್ನ ವಯಸ್ಸಿನವರ ಮೇಲೆ ಪರಿಶೀಲಿಸಲಾಗಿದೆಯೇ?
• ಯಾವ ಉದ್ದೇಶಕ್ಕಾಗಿ ಇದನ್ನು ರೂಪಿಸಲಾಗಿದೆ?
• ಫಲಿತಾಂಶವನ್ನು ವಿವರಿಸುವವರು ತರಬೇತಿ ಪಡೆದವರೇ?
• ಇದೊಂದರಿಂದಲೇ ತೀರ್ಮಾನಿಸುತ್ತೀರಾ, ಮಾತುಕತೆಯೂ ಇರುತ್ತದೆಯೇ?

ಒಂದು ಎಚ್ಚರಿಕೆ: ವಾರಗಟ್ಟಲೆ ಬೇಸರ, ನಿದ್ರೆ ಇಲ್ಲದಿರುವುದು, ಬದುಕೇ ಬೇಡ ಎನಿಸುವುದು ‘ನನ್ನ ಸ್ವಭಾವವೇ ಹೀಗೆ’ ಎಂದು ತಳ್ಳಿಹಾಕುವ ವಿಷಯಗಳಲ್ಲ. ಇವಕ್ಕೆ ಆನ್‌ಲೈನ್ ಪರೀಕ್ಷೆಯಲ್ಲಿ ಉತ್ತರ ಹುಡುಕದೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ದಿನದ 24 ಗಂಟೆಯೂ ಲಭ್ಯ; ಕನ್ನಡದಲ್ಲೂ ಮಾತನಾಡಬಹುದು.