ಹವ್ಯಾಸಿಗಳು ಕಟ್ಟಿದ ಕಂಪ್ಯೂಟರ್ ಜಾತ್ರೆ

1977ರ ಏಪ್ರಿಲ್ ಮಧ್ಯಭಾಗದ ಒಂದು ವಾರಾಂತ್ಯ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಿವಿಕ್ ಆಡಿಟೋರಿಯಂ ಹೊರಗೆ ಜನರ ಸಾಲು ಕಟ್ಟಡವನ್ನು ಬಳಸಿಕೊಂಡು ನಿಂತಿತ್ತು. ಸಿನಿಮಾ ತಾರೆಯನ್ನೋ ಕ್ರೀಡಾಪಟುವನ್ನೋ ನೋಡಲು ಬಂದ ಜನವಲ್ಲ ಅದು. ಕಂಪ್ಯೂಟರ್ ಎಂಬ ಯಂತ್ರವನ್ನು ಹತ್ತಿರದಿಂದ ನೋಡಿ, ಸಾಧ್ಯವಾದರೆ ಮುಟ್ಟಿ, ಇನ್ನೂ ಸಾಧ್ಯವಾದರೆ ಮನೆಗೆ ಒಯ್ಯಲು ಬಂದವರು. ಇಷ್ಟೊಂದು ಮಂದಿ ಬಂದಾರೆಂದು ಸಂಘಟಕರು ಅಂದಾಜು ಮಾಡಿರಲಿಲ್ಲ. ಬಂದವರು ಸುಮಾರು 13,000. ಹೀಗೆ ಆರಂಭವಾದದ್ದು ‘ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್’. ಅದರ ಹಿಂದೆ ಯಾವ ದೊಡ್ಡ ಕಂಪನಿಯೂ ಇರಲಿಲ್ಲ. ಇದ್ದದ್ದು ಹವ್ಯಾಸಿಗಳ ಕೆಲವು ಸಂಘಗಳು ಮತ್ತು ಸಂಬಳವಿಲ್ಲದೆ ದುಡಿಯಲು ಸಿದ್ಧರಾಗಿದ್ದ ಒಂದಷ್ಟು ಜನ.

ಈ ಕಥೆ ಹಿಡಿಯಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು. 1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಅಚ್ಚಾಯಿತು. ಅಲ್ಬುಕರ್ಕಿಯ ‘ಮಿಟ್ಸ್’ ಎಂಬ ಸಣ್ಣ ಕಂಪನಿ ಅದರ ಬಿಡಿಭಾಗಗಳನ್ನು ನಾನ್ನೂರು ಡಾಲರಿಗೂ ಕಡಿಮೆ ಬೆಲೆಗೆ ಅಂಚೆಯಲ್ಲಿ ಕಳುಹಿಸುತ್ತಿತ್ತು. ಜೋಡಿಸಿ ಬೆಸುಗೆ ಹಾಕುವುದು ಕೊಂಡವನ ಪಾಡು. ಕೀಲಿಮಣೆ ಇಲ್ಲ, ಪರದೆ ಇಲ್ಲ. ಮುಂಭಾಗದಲ್ಲಿ ಸ್ವಿಚ್ಚುಗಳು ಮತ್ತು ಮಿಣುಕುವ ಕೆಂಪು ದೀಪಗಳು, ಅಷ್ಟೆ. ಇಂಥದ್ದನ್ನು ಒಬ್ಬನೇ ಕುಳಿತು ನಡೆಸುವುದು ಕಷ್ಟ, ಪಕ್ಕದ ಬೀದಿಯವನಿಗೆ ಗೊತ್ತಿದ್ದುದನ್ನು ಕೇಳಿ ತಿಳಿಯಲೇಬೇಕು. ಹವ್ಯಾಸಿ ಸಂಘಗಳು ಹುಟ್ಟಿದ್ದು ಈ ಅಗತ್ಯದಿಂದ.

ಅವುಗಳಲ್ಲಿ ಹೆಚ್ಚು ಹೆಸರಾದದ್ದು ಹೋಂಬ್ರೂ ಕಂಪ್ಯೂಟರ್ ಕ್ಲಬ್. ‘ಹೋಂಬ್ರೂ’ ಎಂದರೆ ಮನೆಯಲ್ಲೇ ಭಟ್ಟಿ ಇಳಿಸಿದ್ದು. ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಎಂಬುವರ ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ 1975ರ ಮಾರ್ಚ್ 5ರಂದು ಮೊದಲ ಸಭೆ ಸೇರಿತು. ಜನರನ್ನು ಕೂಡಿಸಿದವರು ಫ್ರೆಡ್ ಮೂರ್. ಯುದ್ಧವಿರೋಧಿ ಚಳವಳಿಯಿಂದ ಬಂದ ಮನುಷ್ಯ. ಬಂದವರು ಮೂವತ್ತು ಚಿಲ್ಲರೆ ಮಂದಿ, ಅವರಲ್ಲಿ ಸ್ಟೀವ್ ವೋಜ್ನಿಯಾಕ್ ಎಂಬ ಸಂಕೋಚದ ಯುವಕನೂ ಒಬ್ಬ. ಮುಂದಿನ ತಿಂಗಳ ಸಭೆಯಲ್ಲಿ ಸ್ಟೀವ್ ಡಾಂಪಿಯರ್ ತನ್ನ ಆಲ್ಟೇರಿನ ಮೇಲೆ ಒಂದು ರೇಡಿಯೊ ಇಟ್ಟು, ಯಂತ್ರದ ವಿದ್ಯುತ್ ಗದ್ದಲದಿಂದಲೇ ಬೀಟಲ್ಸ್ ತಂಡದ ಒಂದು ಹಾಡಿನ ಧಾಟಿ ಹೊರಡಿಸಿದ. ಯಾವ ಕೆಲಸಕ್ಕೂ ಬಾರದ ಪೆಟ್ಟಿಗೆ ಹಾಡಿತು! ಸಭಿಕರು ಎದ್ದು ನಿಂತು ಚಪ್ಪಾಳೆ ಹೊಡೆದರಂತೆ, ಹೊಡೆಯದೆ ಇನ್ನೇನು?

ಸಂಘ ಬೆಳೆದು ಸ್ಟ್ಯಾನ್‌ಫರ್ಡ್ ಲೀನಿಯರ್ ಆಕ್ಸಿಲರೇಟರ್ ಕೇಂದ್ರದ ಸಭಾಂಗಣಕ್ಕೆ ಹೋಯಿತು. ಸಭೆ ನಡೆಸುತ್ತಿದ್ದವರು ಲೀ ಫೆಲ್ಸೆನ್‌ಸ್ಟೈನ್. ಮೊದಲು ಯಾರಿಗೆ ಏನು ಬೇಕು, ಯಾರ ಬಳಿ ಏನಿದೆ ಎಂದು ಎದ್ದು ನಿಂತು ಹೇಳುವುದು, ಆಮೇಲೆ ಬೇಕಾದವರು ಬೇಕಾದವರನ್ನು ಹಿಡಿದುಕೊಳ್ಳುವುದು – ಇದು ಪದ್ಧತಿ. ವೋಜ್ನಿಯಾಕ್ ತಾನು ರೂಪಿಸಿದ ಕಂಪ್ಯೂಟರಿನ ನಕ್ಷೆಯನ್ನೇ ಕೇಳಿದವರಿಗೆಲ್ಲ ಪುಕ್ಕಟೆ ಹಂಚಿದ.

ಆದರೆ ಹಂಚುವುದಕ್ಕೂ ಮಾರುವುದಕ್ಕೂ ಜಗಳ ಹುಟ್ಟಲು ತಡವಾಗಲಿಲ್ಲ. ಅದು ಹುಟ್ಟಿದ್ದೂ ಒಂದು ಪ್ರದರ್ಶನದಲ್ಲೇ. ಮಿಟ್ಸ್ ಕಂಪನಿ ಒಂದು ವ್ಯಾನಿನಲ್ಲಿ ಯಂತ್ರಗಳನ್ನು ಹೇರಿಕೊಂಡು ಊರೂರು ತಿರುಗುತ್ತಿತ್ತು. 1975ರ ಬೇಸಿಗೆಯಲ್ಲಿ ಪಾಲೊ ಆಲ್ಟೊದ ಹೋಟೆಲೊಂದರಲ್ಲಿ ಅದು ಬಿಡಾರ ಹೂಡಿದಾಗ, ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಬರೆದ ಬೇಸಿಕ್ ಭಾಷೆಯ ಕಾಗದದ ಸುರುಳಿಯೊಂದು ಯಾರದೋ ಕೈಗೆ ಸಿಕ್ಕಿತು. ಹೋಂಬ್ರೂ ಸಭೆಯಲ್ಲಿ ಅದರ ಪ್ರತಿಗಳು ಪ್ರಸಾದದಂತೆ ಹಂಚಿಹೋದವು. ಕಾರಣ ಬರೀ ಆಸೆಯಲ್ಲ. ಮಿಟ್ಸ್ ತನ್ನ ಮೆಮೊರಿ ಬೋರ್ಡುಗಳನ್ನು ಕೊಂಡವರಿಗೆ ಬೇಸಿಕ್ ಅನ್ನು ಅಗ್ಗವಾಗಿಯೂ ಕೊಳ್ಳದವರಿಗೆ 500 ಡಾಲರಿಗೂ ಕೊಡುತ್ತಿತ್ತು. ಆ ಬೋರ್ಡುಗಳೋ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. 1976ರ ಫೆಬ್ರವರಿ 3ರ ದಿನಾಂಕ ಹಾಕಿ ಗೇಟ್ಸ್ ‘ಹವ್ಯಾಸಿಗಳಿಗೆ ಬಹಿರಂಗ ಪತ್ರ’ ಬರೆದರು: ಕೊಳ್ಳದೆ ಬಳಸುವುದು ಕಳ್ಳತನ, ಹೀಗಾದರೆ ಒಳ್ಳೆಯ ತಂತ್ರಾಂಶ ಯಾರು ಬರೆದಾರು ಎಂಬುದು ಅದರ ಸಾರ. ಅವರಿಗೆ ಆಗ 20 ವರ್ಷ. ಆ ವಾದ ಇಂದಿಗೂ ಮುಗಿದಿಲ್ಲ.

ಅದೇ ಮಾರ್ಚಿನಲ್ಲಿ ಮಿಟ್ಸ್ ಅಲ್ಬುಕರ್ಕಿಯಲ್ಲಿ ಆಲ್ಟೇರ್ ಸಮ್ಮೇಳನ ನಡೆಸಿತು. ಪ್ರತಿಸ್ಪರ್ಧಿಗಳಿಗೆ ಮಳಿಗೆ ಇಲ್ಲ. ಬರ್ಕ್ಲಿಯ ಗ್ಯಾರೇಜೊಂದರಿಂದ ಹೊರಟು, ಸರಿಯಾಗಿ ಕೆಲಸ ಮಾಡುವ ಮೆಮೊರಿ ಬೋರ್ಡು ಮಾರುತ್ತಿದ್ದ ಪ್ರೊಸೆಸರ್ ಟೆಕ್ನಾಲಜಿಯವರು ಸುಮ್ಮನಿರಲಿಲ್ಲ. ಸಮ್ಮೇಳನದ ಹೋಟೆಲಿನಲ್ಲೇ ಕೊಠಡಿ ಹಿಡಿದು, ಅಲ್ಲಿಗೇ ಗಿರಾಕಿಗಳನ್ನು ಕರೆಸಿಕೊಂಡರು. ಒಬ್ಬ ವ್ಯಾಪಾರಿಯ ಅಂಗಳದಲ್ಲಿ ಎಲ್ಲರಿಗೂ ಜಾಗ ಸಿಗದು ಎಂಬುದು ಸ್ಪಷ್ಟವಾಯಿತು.

ಹಾಗಾಗಿ ಸಂಘಗಳೇ ಅಂಗಳ ಕಟ್ಟಿದವು. ನ್ಯೂ ಜೆರ್ಸಿಯ ಹವ್ಯಾಸಿ ಕಂಪ್ಯೂಟರ್ ಸಂಘದವರು 1976ರ ಮೇ 2ರಂದು ಟ್ರೆಂಟನ್ ಸ್ಟೇಟ್ ಕಾಲೇಜಿನಲ್ಲಿ ಉತ್ಸವ ಏರ್ಪಡಿಸಿದರು. ಒಳಗೆ ಭಾಷಣ, ಹೊರಗೆ ಹಳೆಯ ಬಿಡಿಭಾಗಗಳ ಸಂತೆ. ಹ್ಯಾಮ್ ರೇಡಿಯೊದವರಿಂದ ಕಲಿತ ರೂಢಿ ಅದು. ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಿಟಿಯ ಹಳೆಯ ಹೋಟೆಲೊಂದರಲ್ಲಿ ಇನ್ನೊಂದು ಮೇಳ. ಅಲ್ಲಿ ಸ್ಟೀವ್ ಜಾಬ್ಸ್ ಒಂದು ಸಣ್ಣ ಮೇಜಿನ ಮೇಲೆ ಆ್ಯಪಲ್ ಒಂದನ್ನು ಇಟ್ಟುಕೊಂಡು ನಿಂತಿದ್ದರು. ಬರಿಯ ಸರ್ಕ್ಯೂಟ್ ಬೋರ್ಡು, ಪೆಟ್ಟಿಗೆಯೂ ಇಲ್ಲ. ಪಕ್ಕದಲ್ಲಿ ಪ್ರೊಸೆಸರ್ ಟೆಕ್ನಾಲಜಿಯ ‘ಸೋಲ್’, ಕೀಲಿಮಣೆ ಸಮೇತ ಒಂದೇ ಪೆಟ್ಟಿಗೆಯಲ್ಲಿ. ಅದನ್ನು ರೂಪಿಸಿದವರು ಫೆಲ್ಸೆನ್‌ಸ್ಟೈನ್. ಮಳಿಗೆಯ ಅಂದಚೆಂದವೂ ಸರಕೇ ಎಂಬ ಪಾಠ ಜಾಬ್ಸ್ ಕಲಿತದ್ದು ಬಹುಶಃ ಅಲ್ಲೇ.

ಪೂರ್ವ ಕರಾವಳಿಯವರು ಮಾಡಿದ್ದನ್ನು ಪಶ್ಚಿಮದವರು ಮಾಡಲಾರರೆ ಎಂದು ಛಲ ಹಿಡಿದವರು ಜಿಮ್ ವಾರನ್. ‘ಡಾಕ್ಟರ್ ಡಾಬ್ಸ್ ಜರ್ನಲ್’ ಸಂಪಾದಕರು. ಜತೆಗೆ ಹೋಂಬ್ರೂ ಸಂಘದ ಬಾಬ್ ರೀಲಿಂಗ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾಗ ಸಿಗಲಿಲ್ಲ. ಸಿವಿಕ್ ಆಡಿಟೋರಿಯಂನ ಬಾಡಿಗೆ ಕೇಳಿ ಎದೆ ಝಲ್ಲೆಂದಿತಾದರೂ, ಕಾಗದದ ಚೂರಿನ ಮೇಲೆ ಲೆಕ್ಕ ಹಾಕಿ ಧೈರ್ಯ ಮಾಡಿದರು. ಹೆಸರಿನಲ್ಲಿ ‘ಫೇರ್’ ಪದವನ್ನು ಹಳೆಯ ಇಂಗ್ಲಿಷಿನ ಕಾಗುಣಿತದಲ್ಲಿ ಬರೆದದ್ದು ಬೇಕೆಂದೇ. ವ್ಯಾಪಾರ ಮೇಳಕ್ಕಿಂತ ಹಳೆಗಾಲದ ಜಾತ್ರೆಯ ನೆನಪು ಬರಲಿ ಎಂದು. ಪ್ರಚಾರಕ್ಕೆ ‘ಸಿಲಿಕಾನ್ ಗಲ್ಚ್ ಗೆಜೆಟ್’ ಎಂಬ ತಮಾಷೆಯ ಪತ್ರಿಕೆಯನ್ನೂ ವಾರನ್ ಅಚ್ಚು ಹಾಕಿಸಿದರು.

ಜಾತ್ರೆಯ ಹಿಂದಿನ ಗಳಿಗೆಗಳು ಎಲ್ಲ ಕಡೆಯೂ ಒಂದೇ. ನಮ್ಮ ಊರುಗಳಲ್ಲಿ ತೇರಿನ ಮುನ್ನಾದಿನ ಬಳೆ ಅಂಗಡಿಯವರು ಗೂಟ ಹೊಡೆಯುವಂತೆ, ಅಲ್ಲೂ ಮೇಜು ಹೊರುವವರು, ವೈರು ಎಳೆಯುವವರು. ಆ್ಯಪಲ್ ಈ ಹೊತ್ತಿಗೆ ಮಾಲೀಕರ ಹಣ ಕಂಡಿತ್ತು: ಬಾಗಿಲ ಎದುರಿನ ಜಾಗ, ಹಿಂದಿನಿಂದ ಬೆಳಕು ಬೀಳುವ ಫಲಕ. ಆದರೆ ಆ್ಯಪಲ್ ಎರಡರ ಪ್ಲಾಸ್ಟಿಕ್ ಪೆಟ್ಟಿಗೆಗಳು ಕಲೆ, ಗುಳ್ಳೆಗಳೊಂದಿಗೆ ಬಂದಿದ್ದವು. ಹುಡುಗರು ಉಜ್ಜಿ ಬಣ್ಣ ಬಳಿದರು. ಸಿದ್ಧವಾಗಿದ್ದ ಪೂರ್ಣ ಯಂತ್ರಗಳು ಮೂರೇ. ಪಕ್ಕದಲ್ಲಿ ಖಾಲಿ ಡಬ್ಬಗಳನ್ನು ಪೇರಿಸಿ ದಾಸ್ತಾನು ಬೇಕಾದಷ್ಟಿದೆ ಎಂಬ ಭಾವನೆ ಹುಟ್ಟಿಸಿದರು. ಇತ್ತ ವೋಜ್ನಿಯಾಕ್‌ಗೆ ಬೇರೆಯದೇ ಚಿಂತೆ: ‘ಜಾಲ್ಟೇರ್’ ಎಂಬ ಇಲ್ಲದ ಕಂಪ್ಯೂಟರಿನ ಕರಪತ್ರ ಮುದ್ರಿಸಿ ಸಭಾಂಗಣದಲ್ಲಿ ಹರಡಿದ. ಜಾಬ್ಸ್ ಕೂಡ ಅದನ್ನು ನಿಜವೆಂದೇ ನಂಬಿದರು. ತಿಳಿದದ್ದು ವರ್ಷಗಳ ಮೇಲೆ, ಅದೇ ಕರಪತ್ರವನ್ನು ಚೌಕಟ್ಟು ಹಾಕಿಸಿ ಉಡುಗೊರೆ ಕೊಟ್ಟಾಗ.

ಕಮೋಡೋರ್ ಕಂಪನಿಯ ‘ಪೆಟ್’ ಕೂಡ ಅಲ್ಲೇ ಕಾಣಿಸಿಕೊಂಡಿತು. ಬೆಸುಗೆ ಕಡ್ಡಿ ಹಿಡಿಯದವನೂ ಇನ್ನು ಕಂಪ್ಯೂಟರ್ ಕೊಳ್ಳಬಹುದು. ಅಂದರೆ, ಸಂಘದ ನೆರವಿಲ್ಲದೆಯೂ ನಡೆಸಬಹುದು. ಹವ್ಯಾಸಿಗಳು ತಮ್ಮ ಕೈಯಾರೆ ಕಟ್ಟಿದ ಜಾತ್ರೆಯಲ್ಲೇ ತಮ್ಮ ಅಗತ್ಯ ಕಡಿಮೆಯಾಗುವ ಯಂತ್ರಗಳನ್ನು ಮೆರವಣಿಗೆ ಮಾಡಿಸಿದರು ಎನ್ನಬೇಕು. ಅದನ್ನು ಸೋಲೆನ್ನುವುದೂ ಕಷ್ಟ. ಎಲ್ಲರ ಕೈಗೂ ಕಂಪ್ಯೂಟರ್ ಎಂಬುದು ಅವರದೇ ಘೋಷಣೆಯಾಗಿತ್ತು.

1981ರ ಜಾತ್ರೆಯಲ್ಲಿ ‘ಆಸ್ಬಾರ್ನ್ 1’ ಎಂಬ ಹೊತ್ತೊಯ್ಯುವ ಕಂಪ್ಯೂಟರ್ ಬಿಡುಗಡೆಯಾಯಿತು. ತೂಕ ಸುಮಾರು 11 ಕಿಲೋ, ಬೆಲೆ 1,795 ಡಾಲರ್. ರೂಪಿಸಿದವರು ಮತ್ತೆ ಫೆಲ್ಸೆನ್‌ಸ್ಟೈನ್. ಮಾಡಿಸಿದ ಆಡಮ್ ಆಸ್ಬಾರ್ನ್ ಒಂದು ಕಾಲಕ್ಕೆ ಹೋಂಬ್ರೂ ಸಭೆಗಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ತಂದು ಮಾರುತ್ತಿದ್ದವರು. ಅವರ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಿರುವಣ್ಣಾಮಲೈಯಲ್ಲಿ. ತಂದೆ ಆರ್ಥರ್ ಆಸ್ಬಾರ್ನ್ ರಮಣ ಮಹರ್ಷಿಗಳ ಅನುಯಾಯಿ. ಆಡಮ್ ಕಡೆಗಾಲದಲ್ಲಿ ಭಾರತಕ್ಕೆ ಮರಳಿ 2003ರಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡರು.

ವಾರನ್ 1983ರಲ್ಲಿ ಜಾತ್ರೆಯನ್ನು ಪ್ರೆಂಟಿಸ್ ಹಾಲ್ ಪ್ರಕಾಶನ ಸಂಸ್ಥೆಗೆ ಮಾರಿಬಿಟ್ಟರು. ಆ ಹೊತ್ತಿಗೆ 1979ರಲ್ಲಿ ಲಾಸ್ ವೇಗಸ್‌ನಲ್ಲಿ ಆರಂಭವಾದ ಕಾಮ್‌ಡೆಕ್ಸ್ ಎಂಬ ಶುದ್ಧ ವ್ಯಾಪಾರ ಮೇಳ ಎಲ್ಲರನ್ನೂ ಮೀರಿಸತೊಡಗಿತ್ತು. ಹೋಂಬ್ರೂ ಸಂಘದ ಕೊನೆಯ ಸಭೆ 1986ರ ಡಿಸೆಂಬರಿನಲ್ಲಿ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋ ಜಾತ್ರೆ 1991ರಲ್ಲಿ ನಿಂತಿತು; 2003ರ ನಂತರ ಕಾಮ್‌ಡೆಕ್ಸ್ ಕೂಡ ಸೇರಲಿಲ್ಲ. ಇವೆರಡೂ ಮುಗಿದ ಮೇಲೂ ಟ್ರೆಂಟನ್‌ನ ಸ್ವಯಂಸೇವಕರ ಉತ್ಸವ ಮಾತ್ರ ವರ್ಷವರ್ಷ ನಡೆದುಕೊಂಡು ಬಂತು.