ಮಂಡಿ, ಭುಜ ನೋವಿಗೆ ಇಲಾಸ್ಟಿಕ್ ಟೇಪ್: ಬಳಸುವುದು ಹೇಗೆ? ಎಷ್ಟು ನಂಬಬಹುದು?

ಮಾಧವರಂ: ಹತ್ತಿ ಬಿಡಿಸುವ ಕಾಲದಲ್ಲಿ ದಿನವಿಡೀ ಬಗ್ಗಿ ನಿಂತವರಿಗೆ ಸೊಂಟ ನೋವು, ಆದೋನಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರಿಗೆ ಭುಜ ನೋವು, ವಯಸ್ಸಾದವರಿಗೆ ಮಂಡಿ ನೋವು. ಒಂದು ದಿನ ಕೆಲಸ ತಪ್ಪಿದರೆ ಕೂಲಿಯೂ ಇಲ್ಲ. ಹೀಗಾಗಿ ಆಟಗಾರರ ಮೈಮೇಲೆ ಕಾಣುವ ಬಣ್ಣದ ಟೇಪ್ ತಮಗೂ ಆದೀತೇ ಎಂದು ಕೇಳುವವರಿದ್ದಾರೆ.

ಏನಿದು?

ಅಂಟು ಸವರಿದ, ಹಿಗ್ಗುವ ಹತ್ತಿ ಬಟ್ಟೆಯ ಪಟ್ಟಿ ಇದು. ಇದರಲ್ಲಿ ಔಷಧಿ ಇರುವುದಿಲ್ಲ. 1970ರ ದಶಕದಲ್ಲಿ ಜಪಾನಿನ ಕೆಂಜೊ ಕಾಸೆ ಇದನ್ನು ರೂಪಿಸಿದರು. 2008ರ ಬೀಜಿಂಗ್ ಒಲಿಂಪಿಕ್ಸ್ ನಂತರ ಲೋಕಕ್ಕೆಲ್ಲ ಪರಿಚಯವಾಯಿತು. ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೂ ತೆಲುಗಿನಲ್ಲಿ ಕೇಳಿದರೂ ಹೆಸರು ಒಂದೇ: ಕಿನೆಸಿಯೊ ಟೇಪ್. ಸಾಮಾನ್ಯವಾಗಿ 5 ಸೆಂ.ಮೀ. ಅಗಲ, 5 ಮೀಟರ್ ಉದ್ದದ ಸುರುಳಿ ಸಿಗುತ್ತದೆ. ಕ್ರೇಪ್ ಬ್ಯಾಂಡೇಜಿನಂತೆ ಇದನ್ನು ಕೈಕಾಲಿನ ಸುತ್ತ ಸುತ್ತಬಾರದು.

ಮಂಡಿಗೆ ಹಚ್ಚುವ ಕ್ರಮ

* ಚರ್ಮ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ, ಬಾಮ್ ಹಚ್ಚಿದ ಜಾಗಕ್ಕೆ ಟೇಪ್ ಅಂಟುವುದಿಲ್ಲ.
* ಕುರ್ಚಿಯಲ್ಲಿ ಕುಳಿತು ಮಂಡಿ ಮಡಚಿ. ತೊಡೆಯ ಕೆಳಭಾಗದಿಂದ ಮಂಡಿಚಿಪ್ಪಿನ ಕೆಳಗಿನವರೆಗೆ ಅಳತೆ ತೆಗೆದು ಕತ್ತರಿಸಿ. ಒಂದು ತುದಿಯಿಂದ ಉದ್ದಕ್ಕೆ ಸೀಳಿ ಎರಡು ಬಾಲ ಮಾಡಿ.
* ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ.
* ಸೀಳದ ತುದಿಯನ್ನು ಎಳೆಯದೆ ತೊಡೆಗೆ ಅಂಟಿಸಿ. ಬಾಲಗಳನ್ನು ಸ್ವಲ್ಪವೇ ಎಳೆದು ಚಿಪ್ಪಿನ ಎರಡೂ ಬದಿಗೆ ತನ್ನಿ. ಕೊನೆಯ ಎರಡು ಇಂಚನ್ನು ಎಳೆಯಬೇಡಿ.
* ಅಂಗೈಯಿಂದ ಉಜ್ಜಿ. ಶಾಖಕ್ಕೆ ಅಂಟು ಹಿಡಿಯುತ್ತದೆ. ಬೆವರುವ ಕೆಲಸಕ್ಕೆ ಒಂದು ಗಂಟೆ ಮೊದಲೇ ಹಚ್ಚಿ.

ಮೂರರಿಂದ ಐದು ದಿನ ಇಡಬಹುದು. ತೆಗೆಯುವಾಗ ಎಣ್ಣೆ ಸವರಿ, ಕೂದಲು ಬೆಳೆದ ದಿಕ್ಕಿಗೆ ನಿಧಾನವಾಗಿ ಬಿಡಿಸಿ. ತುರಿಕೆ, ಗುಳ್ಳೆ ಬಂದರೆ ಕೂಡಲೇ ತೆಗೆಯಿರಿ. ಭುಜಕ್ಕೆ, ಸೊಂಟಕ್ಕೆ ಮೊದಲ ಸಲ ಫಿಸಿಯೋಥೆರಪಿ ತಿಳಿದವರಿಂದಲೇ ಹಚ್ಚಿಸಿಕೊಳ್ಳುವುದು ಒಳ್ಳೆಯದು.

ಗುಣವಾಗುತ್ತದೆಯೇ?

ಇಲ್ಲ. ಸವೆದ ಕೀಲನ್ನು ಟೇಪ್ ಸರಿಪಡಿಸುವುದಿಲ್ಲ. ಕೆಲವರಿಗೆ ಕೆಲವು ದಿನ ನೋವು ಕಡಿಮೆ ಎನಿಸಬಹುದು, ಅಷ್ಟೇ. ಭುಜದ ಸ್ನಾಯು ನೋವಿನ ಬಗ್ಗೆ 23 ಪ್ರಯೋಗಗಳನ್ನು, 1,054 ರೋಗಿಗಳ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿದ 2021ರ ಕಾಕ್ರೇನ್ ವರದಿಗೆ ಟೇಪಿನಿಂದ ಖಚಿತ ಲಾಭ ಕಾಣಲಿಲ್ಲ. ಮಂಡಿ ಸವೆತಕ್ಕೆ ವ್ಯಾಯಾಮವೇ ಹೆಚ್ಚು ನಂಬಿಕೆಯ ದಾರಿ. ಕುರ್ಚಿಯಲ್ಲಿ ಕುಳಿತು ಕಾಲು ನೇರ ಮಾಡಿ 5 ಸೆಕೆಂಡ್ ಹಿಡಿದು ಇಳಿಸುವುದು, ಹೀಗೆ 10 ಸಲ. ಇದಕ್ಕೆ ಕಾಸು ಖರ್ಚಿಲ್ಲ. ನೋವು ತುಸು ತಗ್ಗಿದ ದಿನಗಳಲ್ಲಿ ಈ ವ್ಯಾಯಾಮ ಶುರು ಮಾಡಿಕೊಂಡರೆ ಟೇಪಿಗೆ ಕೊಟ್ಟ ಹಣಕ್ಕೂ ಅರ್ಥ.

ಯಾರು ಹಚ್ಚಬಾರದು?

ಗಾಯ, ಹುಣ್ಣು, ಚರ್ಮರೋಗ ಇರುವ ಜಾಗಕ್ಕೆ ಬೇಡ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು, ತೆಳುವಾದ ಚರ್ಮದ ವೃದ್ಧರು ವೈದ್ಯರನ್ನು ಕೇಳದೆ ಹಚ್ಚಬಾರದು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದೂ ಇರಬಹುದು. ಕೀಲು ಕೆಂಪಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಟೇಪ್ ಹಚ್ಚಿ ಕಾಯಬೇಡಿ. ಆದೋನಿಯ ಸರ್ಕಾರಿ ಆಸ್ಪತ್ರೆ ಅಥವಾ ರಾಯಚೂರಿನ ರಿಮ್ಸ್, ಯಾವುದು ಬೇಗ ತಲುಪುತ್ತದೋ ಅಲ್ಲಿಗೆ ಹೋಗಿ. ಎಡಭುಜದ ನೋವಿನ ಜೊತೆ ಎದೆ ಹಿಡಿದು ಬೆವರು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.